ತಲೆ ಬಿಟ್ಟು ಬುಡಕ್ಕೆ ಕೈ: ನರ್ಸರಿ ಫೈಕಸ್ ಒಂದರ ಮೂರು ಮಳೆಗಾಲ

ಗಿಡ ನನ್ನದಲ್ಲ, ಭಾವನದು. ಅಕ್ಕನ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಹೆಂಚಿನ ಮನೆ, ಅಡಿಕೆ ತೋಟ, ಸುತ್ತ ಜಂಬಿಟ್ಟಿಗೆ ಕಲ್ಲಿನ ಪಾಗಾರ. ಭಾವ ಒಮ್ಮೆ ಮೈಸೂರಿಗೆ ಹೋದಾಗ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ನೋಡಿಕೊಂಡು ಬಂದರು. ಅಲ್ಲಿಂದ ಬಂದವರಿಗೆ ಒಂದೇ ಹುಚ್ಚು. ಬಿಳಲು ಬಿಟ್ಟ ಗೋಳಿಮರ ಕುಂಡದಲ್ಲಿ ಬೇಕು, ಅದು ಜಗಲಿಯಲ್ಲಿ ಕೂತಿರಬೇಕು, ಬಂದವರೆಲ್ಲ ನೋಡಬೇಕು.

ಒಂದು ಜನವರಿ ಸಂಜೆ ಫೋನ್ ಬಂತು. "ಶಿವಮೊಗ್ಗದಿಂದ ಬರ್ತಾ ದಾರಿಲಿ ಫೈಕಸ್ ಸಿಕ್ತು ಮಾರಾಯ. 450 ರೂಪಾಯಿ. ಭಾನುವಾರ ಬಾ, ಕತ್ತರಿ ತಗೊಂಡು ಬಾ. ಒಂದೇ ದಿನಕ್ಕೆ ಬೋನ್ಸಾಯ್ ಮಾಡಿ ಮುಗಿಸೋಣ."

ಆ ಭಾನುವಾರಕ್ಕೆ ಈಗ ಮೂರು ಮಳೆಗಾಲ ಕಳೆದಿವೆ. ಗಿಡ ಇನ್ನೂ ಮುಗಿದಿಲ್ಲ. ನಾನು ಶಿವಮೊಗ್ಗದ ತಾರಸಿಯಲ್ಲಿ ಹನ್ನೆರಡು ವರ್ಷದಿಂದ ಕುಂಡದ ಮರಗಳ ಜೊತೆ ಒದ್ದಾಡುತ್ತಿದ್ದೇನೆ. ಆದರೆ ಹಿಂದೆ ಮಾಡಿದ ಯಾವ ಗಿಡವೂ ಇದರಷ್ಟು ಪಾಠ ಕಲಿಸಲಿಲ್ಲ. ಅದಕ್ಕೇ ಏನು ನೋಡಿದೆವು, ಏನು ಮಾಡಿದೆವು, ಎಲ್ಲಿ ಎಡವಿದೆವು ಎನ್ನುವುದನ್ನು ಬರೆದಿಡುತ್ತಿದ್ದೇನೆ.

ತಂದ ಗಿಡ

ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕೂವರೆ ಅಡಿ ಎತ್ತರದ ಗಿಡ. ಮಣ್ಣಿನ ಮಟ್ಟದಲ್ಲಿ ಕಾಂಡ 4.5 ಸೆಂಟಿಮೀಟರ್ ದಪ್ಪ. ಮೇಲೆ ಪೊದೆಯಂತೆ ಸೊಪ್ಪು, ಕೆಳಗೆ ಅರ್ಧಕ್ಕರ್ಧ ಬೋಳು. ನೆಲದಿಂದ ನಾಲ್ಕು ಬೆರಳು ಮೇಲೆ ಮಾತ್ರ ಒಂದು ಸಣ್ಣ ಗೆಲ್ಲು, ಯಾರೋ ಕತ್ತರಿಸಲು ಮರೆತದ್ದು. ಬೇಲಿಗೆ ನೆಡಲು ಬೆಳೆಸಿದ ಗಿಡ ಅದು. ಬೋನ್ಸಾಯ್ ಎಂದು ಮಾರಿದ್ದಲ್ಲ.

ನನಗೆ ಅದೇ ಸಮಾಧಾನ. ಬೋನ್ಸಾಯ್ ಎಂದು ಮಾರುವ ಹೊಟ್ಟೆ ಊದಿದ ಫೈಕಸ್ ನೀವು ನೋಡಿರುತ್ತೀರಿ. ಕೆಳಗೆ ಗೆಣಸಿನಂಥ ದಪ್ಪ ಬೇರು, ಮೇಲೆ ಒಂದು ಹಿಡಿ ಎಲೆ. ಆ ಊದಿದ ಭಾಗ ಬೀಜದಿಂದ ಬೆಳೆಸಿದ ಗಿಡದ ಬೇರು. ತಲೆಗೆ ಸಣ್ಣ ಎಲೆಯ ಬೇರೊಂದು ತಳಿಯನ್ನು ಕಸಿ ಕಟ್ಟಿರುತ್ತಾರೆ. ಎಷ್ಟೇ ವರ್ಷ ಸಾಕಿದರೂ ಎರಡು ಗಿಡ ಅಂಟಿಸಿದ್ದು ಎಂದು ಕಾಣುತ್ತಲೇ ಇರುತ್ತದೆ. ಬೇಕಾದವರು ತರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅದೇ ದುಡ್ಡಿಗೆ ಇಂಥ ಬೇಲಿ ಗಿಡ ಎರಡೋ ಮೂರೋ ಬರುತ್ತವೆ.

ಮೊದಲು ಇದು ಯಾವ ಫೈಕಸ್ ಎಂದು ಗೊತ್ತಾಗಬೇಕಿತ್ತು. ನರ್ಸರಿಯವರಿಗೆ ಎಲ್ಲವೂ ಫೈಕಸ್ಸೇ. ಹೆಚ್ಚಾಗಿ ಸಿಗುವುದು ಎರಡು. ಒಂದು ಫೈಕಸ್ ಬೆಂಜಮಿನಾ. ಅದರ ಎಲೆ ತೆಳು, ತುದಿ ಬಾಲದಂತೆ ಉದ್ದ, ರೆಂಬೆ ಜೋಲುತ್ತವೆ. ಇನ್ನೊಂದು ಫೈಕಸ್ ಮೈಕ್ರೋಕಾರ್ಪ. ಎಲೆ ದಪ್ಪ, ತುದಿ ಮೊಂಡು, ಮುಟ್ಟಿದರೆ ಮೇಣ ಸವರಿದ ಹಾಗೆ. ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಬೆಂಜಮಿನಾದ ಕೊಂಬೆಯಲ್ಲಿ ಒಂದು ಎಲೆಯನ್ನೂ ಉಳಿಸದೆ ಕಡಿದರೆ ಆ ಕೊಂಬೆ ಒಣಗಿ ಹೋಗುವುದು ಸಾಮಾನ್ಯ. ಮೈಕ್ರೋಕಾರ್ಪ ಹಾಗಲ್ಲ, ಹಳೆಯ ಬೋಳು ಕಾಂಡದಿಂದಲೂ ಚಿಗುರು ಒಡೆಯುತ್ತದೆ. ನಾಲ್ಕೂವರೆ ಅಡಿಯನ್ನು ಒಂದು ಗೇಣಿಗೆ ಇಳಿಸುವವರಿಗೆ ಇದು ಬದುಕು ಸಾವಿನ ಪ್ರಶ್ನೆ. ಭಾವನ ಅದೃಷ್ಟ, ತಂದದ್ದು ಮೈಕ್ರೋಕಾರ್ಪ. ಪಶ್ಚಿಮ ಘಟ್ಟದ ಕಾಡಲ್ಲೂ ಇರುವ ಜಾತಿ ಇದು, ಗೋಳಿ, ಆಲ, ಅರಳಿ, ಅತ್ತಿ, ಬಸರಿಗಳ ಬಳಗದ್ದು.

"ಹಂಗಾದ್ರೆ ಕಡಿ" ಎಂದರು ಭಾವ. ಕತ್ತರಿ ಅವರ ಕೈಯಲ್ಲೇ ಇತ್ತು.

"ಭಾವ, ನೀವು ತಲೆ ನೋಡ್ತಾ ಇದೀರಿ. ಬುಡ ನೋಡಿದೀರಾ?"

ಬುಡ ಬಗೆದಾಗ

ಬೋನ್ ಎಂದರೆ ಜಪಾನಿ ಭಾಷೆಯಲ್ಲಿ ತಟ್ಟೆಯಂಥ ಕುಂಡ, ಸಾಯ್ ಎಂದರೆ ನೆಡುವುದು. ತಟ್ಟೆಯಲ್ಲಿ ನೆಟ್ಟ ಮರದ ವಯಸ್ಸು ಕಾಣುವುದು ಎಲೆಯಲ್ಲಲ್ಲ, ಬುಡ ಮಣ್ಣು ಸೇರುವ ಜಾಗದಲ್ಲಿ. ದೇವಸ್ಥಾನದ ಮುಂದಿನ ಹಳೇ ಅಶ್ವತ್ಥಕಟ್ಟೆ ನೆನಪು ಮಾಡಿಕೊಳ್ಳಿ. ಕಟ್ಟೆಯನ್ನೇ ಬಿರುಕು ಬಿಡಿಸಿ ಸುತ್ತಲೂ ಹರಿದ ಬೇರು, ಅಲ್ವಾ? ಆ ಹರವು ಇಲ್ಲದಿದ್ದರೆ ಮರ ಹೋಗಿ ಕಡ್ಡಿ ಆಗುತ್ತದೆ. ರೆಂಬೆ ತಪ್ಪಿದರೆ ಎರಡು ವರ್ಷದಲ್ಲಿ ಬೇರೆ ರೆಂಬೆ ತರಿಸಬಹುದು. ಬುಡ ತಪ್ಪಿದರೆ ಏನು ಮಾಡಿದರೂ ಮುಚ್ಚಲು ಆಗುವುದಿಲ್ಲ.

ಒಂದು ಹಳೇ ಚಮಚ ತೆಗೆದುಕೊಂಡು ಬುಡದ ಮಣ್ಣು ಬಗೆಯುತ್ತಾ ಹೋದೆ. ಎರಡು ಇಂಚು ಹೋದರೂ ಬೇರಿಲ್ಲ. ಮೂರು ಇಂಚಿನ ಹತ್ತಿರ ಕಾಂಡ ಇದ್ದಕ್ಕಿದ್ದಂತೆ ಉಬ್ಬಿತ್ತು, ಸುಮಾರು 7 ಸೆಂಟಿಮೀಟರ್. ಅದರ ಕೆಳಗೆ ಕತ್ತು ಹಿಸುಕಿದ ಹಾಗೆ ಸಣ್ಣದಾಗಿತ್ತು. ಬೆರಳಿಗೆ ಪ್ಲಾಸ್ಟಿಕ್ ಸಿಕ್ಕಿತು. ಎಳೆದೆ, ಬರಲಿಲ್ಲ.

ಗಿಡ ಚಿಕ್ಕದಿದ್ದಾಗ ಇದ್ದ ಪುಟ್ಟ ಚೀಲವನ್ನು ಬಿಚ್ಚದೆ, ಅದನ್ನೇ ದೊಡ್ಡ ಚೀಲದಲ್ಲಿ ಇಟ್ಟು ಮಣ್ಣು ತುಂಬಿದ್ದರು. ಆ ಪುಟ್ಟ ಚೀಲದ ಬಾಯಿ ಕಾಂಡಕ್ಕೆ ಉರುಳಿನಂತೆ ಬಿಗಿದಿತ್ತು. ಕೂಲಿಯವರಿಗೆ ದಿನಕ್ಕೆ ಇಷ್ಟು ಚೀಲ ಎಂಬ ಲೆಕ್ಕ ಇದ್ದ ಕಡೆ ಹೀಗೆಲ್ಲ ಆಗುತ್ತದೆ. ನಾನು ಇದನ್ನು ಮೊದಲ ಸಲ ನೋಡಿದ್ದೇನೂ ಅಲ್ಲ.

ಭಾವ ಮುಖ ಸಣ್ಣದು ಮಾಡಿದರು. "ವಾಪಸ್ ಕೊಟ್ಟು ಬರ್ಲಾ?"

ಬೇಡ ಎಂದೆ. ಕಾರಣ ಇತ್ತು. ಎಲೆ ತಯಾರಿಸಿದ ಆಹಾರ ತೊಗಟೆಯ ಒಳಪದರದ ಮೂಲಕ ಕೆಳಗೆ ಇಳಿಯುತ್ತದೆ. ನೀರು ಮಾತ್ರ ಒಳಗಿನ ಕಟ್ಟಿಗೆಯ ಮೂಲಕ ಮೇಲೆ ಏರುತ್ತದೆ. ಉರುಳು ತೊಗಟೆಯನ್ನು ಹಿಸುಕಿದಾಗ ಏರುವ ನೀರು ಏರುತ್ತಲೇ ಇತ್ತು, ಅದಕ್ಕೇ ಗಿಡ ಹಸಿರಾಗಿತ್ತು. ಇಳಿಯುವ ಆಹಾರ ಮಾತ್ರ ಉರುಳಿನ ಮೇಲೆ ನಿಂತು ಕಾಂಡ ಉಬ್ಬಿತು. ಉಬ್ಬಿದ ಜಾಗದಲ್ಲಿ ಮಣ್ಣಿನ ತೇವವೂ ಇದ್ದದ್ದರಿಂದ ಅಲ್ಲಲ್ಲಿ ಬಿಳಿ ಬೇರಿನ ಮೊಳಕೆ ಇಣುಕುತ್ತಿದ್ದವು. ಅಂದರೆ ಗೂಟಿ ಕಟ್ಟುವಾಗ, ಗಿಡದಲ್ಲಿರುವಾಗಲೇ ತೊಗಟೆ ಸುಲಿದು ಬೇರು ತರಿಸುವಾಗ, ನಾವು ಬೇಕೆಂದೇ ಮಾಡುವ ಕೆಲಸವನ್ನು ಆ ಚೀಲ ಬೇಡದೆ ಮಾಡಿತ್ತು. ಉರುಳಿನ ಕೆಳಗಿನದನ್ನೆಲ್ಲ ಬಿಟ್ಟು, ಮೇಲಿನ ಉಬ್ಬಿನಿಂದ ಸುತ್ತಲೂ ಹೊಸ ಬೇರು ತರಿಸಿದರೆ ದಪ್ಪ ಬುಡ ಪುಕ್ಕಟೆ ಸಿಕ್ಕಿದ ಹಾಗೆ.

ಆದರೆ ಅದಕ್ಕೆ ಒಂದು ವರ್ಷ ಬೇಕು. ಆ ವರ್ಷ ತಲೆ ಮುಟ್ಟುವಂತಿಲ್ಲ. ಬೇರು ಬರಲು ಬೇಕಾದ ಆಹಾರ ತಯಾರಾಗುವುದೇ ಎಲೆಯಲ್ಲಿ. ತಲೆ ಕಡಿದು ಬೇರನ್ನೂ ಕೇಳಿದರೆ ಗಿಡ ಎರಡನ್ನೂ ಕೊಡುವುದಿಲ್ಲ.

"ಒಂದು ವರ್ಷ? ಅಡಿಕೆ ಸಸಿ ನೆಟ್ಟು ಕಾಯ್ತೀನಪ್ಪ, ಇದಕ್ಕೂ ಕಾಯ್ಬೇಕಾ?" ಎಂದು ಭಾವ ಕತ್ತರಿ ಕೆಳಗಿಟ್ಟರು.

ರೋಹಿಣಿಯಿಂದ ಮಘೆವರೆಗೆ

ಯೂಟ್ಯೂಬಿನಲ್ಲಿ ನೋಡಿ ಕಲಿಯುವವರಿಗೆ ಒಂದು ಮಾತು. ಅಲ್ಲಿ ಹೇಳುವ ತಿಂಗಳುಗಳು ಬಹಳಷ್ಟು ಚಳಿ ದೇಶದವು. ಫೈಕಸ್ ಬಿಸಿ ಮತ್ತು ತೇವ ಎರಡೂ ಸೇರಿದಾಗ ಓಡುವ ಗಿಡ. ಮಲೆನಾಡಿನಲ್ಲಿ ಆ ಹೊತ್ತು ಏಪ್ರಿಲ್ ಕೊನೆಯ ಭರಣಿ ಮಳೆಯಿಂದ ಶುರು. ಧನುರ್ಮಾಸದ ಚಳಿಯಲ್ಲಿ ಇಬ್ಬನಿ ಬೀಳುವಾಗ ಬೇರಿಗೆ ಕೈ ಹಾಕಬಾರದು. ನಾನು ಕ್ಯಾಲೆಂಡರ್ ಬಿಟ್ಟು ಮಳೆ ನಕ್ಷತ್ರ ಹಿಡಿದೇ ಲೆಕ್ಕ ಇಡುತ್ತೇನೆ. ತೋಟದವರಿಗೂ ಅದು ಬೇಗ ಅರ್ಥವಾಗುತ್ತದೆ.

ರೋಹಿಣಿ ಮಳೆ ಶುರುವಾದ ವಾರ, ಅಂದರೆ ಮೇ ಕೊನೆಗೆ, ಹೋದೆ. ಉರುಳಿನ ಪ್ಲಾಸ್ಟಿಕ್ ಕತ್ತರಿಸಿ ತೆಗೆದೆ. ಉಬ್ಬಿನ ಸರಿ ಕೆಳಗೆ ಮೂರು ಸೆಂಟಿಮೀಟರ್ ಅಗಲ ತೊಗಟೆ ಸುತ್ತಲೂ ಸುಲಿದೆ. ಬರೀ ತೊಗಟೆ ಸುಲಿದರೆ ಸಾಲದು. ಅದರ ಅಡಿಯ ಜಾರುವ ಹಸಿ ಪದರವನ್ನೂ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಫೈಕಸ್ ಕೆಲವೇ ವಾರದಲ್ಲಿ ಸೇತುವೆ ಕಟ್ಟಿ ಮತ್ತೆ ಕೂಡಿಕೊಳ್ಳುತ್ತದೆ. ಸೊನೆ ಧಾರಾಳ ಸುರಿಯಿತು. ನೀರು ಚಿಮುಕಿಸಿದರೆ ನಿಲ್ಲುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರೆ ಆಮೇಲೆ ಉಜ್ಜುವ ಕಷ್ಟ ಇಲ್ಲ. ಕೆಲವರ ಚರ್ಮಕ್ಕೆ ಈ ಸೊನೆ ಆಗುವುದಿಲ್ಲ, ತುರಿಕೆ ಬರುತ್ತದೆ. ಕಣ್ಣಿಗಂತೂ ತಾಗಿಸಲೇಬಾರದು.

ತಳ ಕತ್ತರಿಸಿದ ಪ್ಲಾಸ್ಟಿಕ್ ಕುಂಡವೊಂದನ್ನು ಸೀಳಿ ಬುಡದ ಸುತ್ತ ಕಾಲರ್ ಹಾಗೆ ಕಟ್ಟಿದೆ. ಅದರೊಳಗೆ ಏನು ತುಂಬುವುದು? ಇಲ್ಲಿ ಒಂದು ಜಗಳವೇ ಆಯಿತು. ಭಾವನ ಪ್ರಕಾರ ಕೊಟ್ಟಿಗೆ ಗೊಬ್ಬರ ಹಾಕದ ಮಣ್ಣು ಮಣ್ಣೇ ಅಲ್ಲ. ನಾನು ಒಡೆದ ಹೆಂಚಿನ ಚೂರು ಬೇಕು ಎಂದೆ.

ಜಗಳ ಬಿಡಿಸಿದ್ದು ಅಕ್ಕನ ಅತ್ತೆ. ನಾನು ಅವರನ್ನು ಅಮ್ಮ ಎಂದೇ ಕರೆಯುವುದು. ಅವರಿಗೆ ಈ ಕೆಲಸವೇ ಸರಿ ಕಂಡಿರಲಿಲ್ಲ. "ಬೆಳಿಯೋ ಮರನ ಕುಳ್ಳ ಮಾಡ್ತೀರಲ್ಲ, ಎಂತ ಪಾಪದ ಕೆಲ್ಸ" ಎಂದು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ನಮ್ಮ ಜಗಳ ಕೇಳಿ ಕಾಲಡಿಯ ಮೆಟ್ಟುಗತ್ತಿಯ ಕಡೆಯಿಂದ ತಲೆ ಎತ್ತದೆ ಹೇಳಿದರು. "ಆ ಪಾಗಾರದ ಮೇಲೆ ಗೋಳಿ ಹುಟ್ಟಿದೆ ನೋಡು. ಅದಕ್ಕೆ ಯಾರು ಗೊಬ್ಬರ ಹಾಕಿದ್ರು?"

ನಾನು ಎದ್ದು ಹೋಗಿ ನೋಡಿದೆ. ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ ಮಾರುದ್ದದ ಗೋಳಿ. ಬೇರು ಕಲ್ಲಿನ ತೂತುಗಳ ಒಳಗೆ ನುಗ್ಗಿ ಹೊರಗೆ ಬಂದಿತ್ತು. ಜಂಬಿಟ್ಟಿಗೆ ನೀರನ್ನು ಹಿಡಿಯುತ್ತದೆ, ಆದರೆ ನಿಲ್ಲಿಸಿಕೊಳ್ಳುವುದಿಲ್ಲ. ತೂತಿನ ತುಂಬ ಗಾಳಿ. ಹನ್ನೆರಡು ವರ್ಷ ನಾನು ಪುಸ್ತಕದ ಭಾಷೆಯಲ್ಲಿ ಹೇಳುತ್ತಿದ್ದುದು ಮನೆಯ ಗೋಡೆಯಲ್ಲೇ ಇತ್ತು. ಅತ್ತಿ ಜಾತಿಯ ಎಷ್ಟೋ ಮರಗಳು ಮಣ್ಣಿಲ್ಲದೆ ಬೇರೆ ಮರದ ಸಂದಿಯಲ್ಲಿ, ಕಲ್ಲಿನ ಮೇಲೆ ಬದುಕು ಶುರು ಮಾಡುವಂಥವು. ಅವಕ್ಕೆ ಬೇಕಾದ್ದು ಗಾಳಿ ಆಡುವ ತೇವ.

ಕೊನೆಗೆ ಮಾಡಿದ ಮಿಶ್ರಣ ಹೀಗೆ. ಕುಟ್ಟಿ ಜರಡಿ ಹಿಡಿದ ಹೆಂಚು ಮತ್ತು ಜಂಬಿಟ್ಟಿಗೆ ಚೂರು ನಾಲ್ಕು ಪಾಲು, 3ರಿಂದ 6 ಮಿಲಿಮೀಟರ್ ಗಾತ್ರದ್ದು. ದಪ್ಪ ಮರಳು ಎರಡು ಪಾಲು. ಚೆನ್ನಾಗಿ ಕೊಳೆತ ದರಗಿನ (ಒಣ ಎಲೆಯ) ಗೊಬ್ಬರ ಎರಡು ಪಾಲು. ಪುಡಿಯನ್ನು ಪೂರ್ತಿ ಜರಡಿ ಹಿಡಿದು ಎಸೆಯಬೇಕು, ಬೇರಿನ ಉಸಿರು ಕಟ್ಟಿಸುವುದು ಆ ಪುಡಿಯೇ.

ನಾನು ಶಿವಮೊಗ್ಗಕ್ಕೆ ಹೊರಟ ಮೇಲೆ ಭಾವ ಎರಡು ಹಿಡಿ ಕೊಟ್ಟಿಗೆ ಗೊಬ್ಬರ ಒಂದು ಬದಿಗೆ ಸುರಿದರಂತೆ. ಇದು ನನಗೆ ಗೊತ್ತಾಗಿದ್ದು ಆಗಸ್ಟಿನಲ್ಲಿ.

ಮಘೆ ಮಳೆಯಲ್ಲಿ, ಸುಮಾರು ಹನ್ನೆರಡು ವಾರದ ಮೇಲೆ, ಕಾಲರ್ ಬಿಚ್ಚಿದೆವು. ಬೇರು ತುಂಬಿತ್ತು. ಮೂರು ದಿಕ್ಕಿಗೆ ಚೆಂದ ಹರಡಿತ್ತು. ನಾಲ್ಕನೇ ಬದಿಯಲ್ಲಿ, ಗೊಬ್ಬರ ಬಿದ್ದ ಕಡೆ, ಕಪ್ಪಾಗಿ ಲೊಳಲೊಳ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಕ್ಕನ ಊರಲ್ಲಿ ಅಷ್ಟಿಲ್ಲದಿದ್ದರೂ ಅದರ ನೆರಳಂತೂ ಇದೆ. ಅಂಥ ಮಳೆಯಲ್ಲಿ ಸಗಣಿ ಗೊಬ್ಬರ ಬೇರಿನ ಸುತ್ತ ಒದ್ದೆ ಕಂಬಳಿಯಾಗುತ್ತದೆ.

"ಒಳ್ಳೇದಾಗ್ಲಿ ಅಂತ ಹಾಕಿದ್ದು" ಎಂದರು ಭಾವ.

ಕೊಳೆತದ್ದನ್ನು ಕತ್ತರಿಸಿದೆ. ಉಬ್ಬಿನ ಕೆಳಗೆ ಗರಗಸ ಇಟ್ಟು ಕಾಂಡ ಬೇರ್ಪಡಿಸಿದೆ. ಹಳೇ ಬುಡ, ಅದರ ಚೀಲದ ಬೇರುಗಳ ಸಮೇತ, ಅಂಗಳಕ್ಕೆ ಉರುಳಿತು. ಹೊಸ ಗಿಡವನ್ನು ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಿದೆ. ಬುಡದ ಕೆಳಗೆ ಒಂದು ಒಡೆದ ಟೈಲ್ಸ್ ತುಂಡು ಇಟ್ಟೆ. ಕೆಳಗೆ ಇಳಿಯಲು ದಾರಿ ಇಲ್ಲದಿದ್ದರೆ ಬೇರು ಬದಿಗೆ ಹರಿಯುತ್ತದೆ. ಹಳ್ಳದ ಬಂಡೆಯ ಮೇಲಿನ ಮರದ ಬೇರು ಹೇಗೆ ಹರಿಯುತ್ತದೋ ಹಾಗೆ.

ಭರಣಿಗೆ ತಲೆ ಇಳಿಯಿತು

ಚಳಿಗಾಲ ಸುಮ್ಮನೆ ಕಳೆಯಿತು. ಫೆಬ್ರವರಿಯಲ್ಲಿ ಎಲೆಗಳು ನಡು ನರದ ಗುಂಟ ಮಡಚಿ, ಕೆಂಪು ಚುಕ್ಕೆ ಬಂದವು. ಬಿಡಿಸಿ ನೋಡಿದರೆ ಒಳಗೆ ಕಪ್ಪು ಸಣ್ಣ ಹುಳ. ಥ್ರಿಪ್ಸ್, ಈ ಗಿಡದ ಮಾಮೂಲಿ ಕಾಟ. ಔಷಧಿ ಹೊಡೆದರೆ ಮಡಚಿದ ಎಲೆಯ ಒಳಗೆ ತಾಗುವುದೇ ಇಲ್ಲ. ಅಮ್ಮ ದಿನಾ ಸಂಜೆ ಕೂತು ಮಡಚಿದ ಎಲೆ ಕಿತ್ತು ಒಲೆಗೆ ಹಾಕಿದರು. ಮೂರು ವಾರದಲ್ಲಿ ಕಡಿಮೆಯಾಯಿತು. ಪಾಪದ ಕೆಲಸ ಎಂದವರೇ ಆಗಲೇ ಗಿಡದ ಪಾಲಕರಾಗಿದ್ದರು.

ಏಪ್ರಿಲ್ ಕೊನೆಗೆ ಭರಣಿಯ ಮೊದಲ ಗುಡುಗು ಕೇಳಿದ ಮೇಲೆ ಭಾವನ ಕೈಗೆ ಗರಗಸ ಕೊಟ್ಟೆ. ಎಲ್ಲಿ ಕಡಿಯುವುದು ಎನ್ನುವುದಕ್ಕೆ ಮಾತ್ರ ಒಂದು ಗಂಟೆ ಹಿಡಿಯಿತು. ಗಿಡವನ್ನು ಮೇಜಿನ ಮೇಲಿಟ್ಟು ಸುತ್ತಲೂ ತಿರುಗಿಸಿ ನೋಡಿದೆವು. ಬೇರು ಕಡಿಮೆ ಇದ್ದ ಬದಿ ಹಿಂದಕ್ಕೆ ಹೋಯಿತು. ಹೀಗೆ ಮುಖ ಯಾವುದೆಂದು ತೀರ್ಮಾನಿಸಿದ್ದು ಒಂದು ರೀತಿಯಲ್ಲಿ ಭಾವನ ಗೊಬ್ಬರ.

ಹೊಸ ಬೇರಿನಿಂದ 16 ಸೆಂಟಿಮೀಟರ್ ಮೇಲೆ ಆ ಮರೆತುಹೋದ ಸಣ್ಣ ಗೆಲ್ಲು ಇತ್ತಲ್ಲ, ಅದರ ಸರಿ ಮೇಲೆ ಓರೆಯಾಗಿ ಕಡಿದೆವು. ನೇರ ಕಂಬದಂಥ ಕಾಂಡವನ್ನು ಕಡಿದು, ಅದಕ್ಕಿಂತ ಸಣ್ಣ ಗೆಲ್ಲನ್ನೇ ಮುಂದಿನ ಕಾಂಡ ಮಾಡಿದರೆ ಬುಡ ದಪ್ಪ, ತುದಿ ಸಣ್ಣ ಆಗುತ್ತದೆ. ಕಣ್ಣಿಗೆ ದೊಡ್ಡ ಮರದ ಭ್ರಮೆ ಬರುವುದು ಆ ಇಳಿಜಾರಿನಿಂದ. ಜೊತೆಗೆ ಕಾಂಡಕ್ಕೆ ಒಂದು ತಿರುವೂ ಬಂತು.

ಗಾಯಕ್ಕೆ ಬೋರ್ಡೋ ಮುಲಾಮು. ಅಡಿಕೆ ಬೆಳೆಯುವ ಮನೆಯಲ್ಲಿ ಮೈಲುತುತ್ತ, ಸುಣ್ಣ ಎರಡಕ್ಕೂ ಬರವಿಲ್ಲ. 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ ಬೇರೆ ಬೇರೆ ಕರಗಿಸಿ, ಒಟ್ಟು 100 ಮಿಲಿಲೀಟರ್ ನೀರಿನಲ್ಲಿ ಕೂಡಿಸಿದರೆ ಮುಲಾಮು. ಕಬ್ಬಿಣದ ಪಾತ್ರೆ ಮಾತ್ರ ಬೇಡ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ದ್ರಾವಣದಲ್ಲಿ ಇದೇ ಎರಡು ವಸ್ತು ಹತ್ತು ಪಟ್ಟು ತೆಳುವಾಗಿರುತ್ತವೆ. ಆ ವರ್ಷ ತೋಟಕ್ಕೆ ಔಷಧಿ ಹೊಡೆಯಲು ಬಂದವರು ಮಿಕ್ಕಿದ್ದನ್ನು ಪ್ರೀತಿಯಿಂದ ಕುಂಡಕ್ಕೂ ಹೊಡೆದು ಹೋಗಿದ್ದರು. ಗಿಡಕ್ಕೆ ಏನೂ ಆಗಲಿಲ್ಲ. ಆದರೆ ಒಂದು ತಿಂಗಳು ನೀಲಿ ಬಳಿದ ಗೋಡೆಯಂತೆ ಕಾಣುತ್ತಿತ್ತು.

ಕಡಿದ ಮೇಲೆ ಭಾವ ದಿನಾ ಫೋನ್ ಮಾಡಿದರು. "ಸತ್ತೇ ಹೋಯ್ತು ಮಾರಾಯ." ಹದಿನೆಂಟನೇ ದಿನಕ್ಕೆ ಸ್ವರ ಬದಲಾಯಿತು. ಕಾಂಡದ ತುಂಬ ಹಸಿರು ಚುಕ್ಕೆ. ಫೈಕಸಿನ ಗಿಣ್ಣು ಗುರುತಿಸುವುದು ಸುಲಭ. ಪ್ರತಿ ಎಲೆ ಬಿಚ್ಚುವಾಗ ಉದುರಿದ ಪೊರೆ ಕಾಂಡದ ಸುತ್ತ ಉಂಗುರದಂಥ ಗೆರೆ ಬಿಟ್ಟಿರುತ್ತದೆ. ಕಣ್ಣು ಒಡೆಯುವುದು ಹೆಚ್ಚಾಗಿ ಆ ಗೆರೆಯ ಹತ್ತಿರವೇ. ತುದಿ ಚಿಗುರು ಇರುವ ತನಕ ಕೆಳಗಿನ ಕಣ್ಣುಗಳು ಮಲಗಿರುತ್ತವೆ. ಯಜಮಾನ ಎದ್ದು ಹೋದ ಮೇಲೆ ಎಲ್ಲರಿಗೂ ಬಾಯಿ ಬರುತ್ತದೆ.

ಹದಿನಾರು ಚಿಗುರು ಎಣಿಸಿದೆವು. ಐದನ್ನು ಉಳಿಸಿ ಉಳಿದದ್ದು ಚಿವುಟಿದೆ. ಎಡಕ್ಕೆ ಒಂದು, ಸ್ವಲ್ಪ ಮೇಲೆ ಬಲಕ್ಕೆ ಒಂದು, ಹಿಂದಕ್ಕೆ ಒಂದು, ಮೇಲೆ ಎರಡು. ಭಾವನಿಗೆ ಹನ್ನೊಂದು ಮಕ್ಕಳನ್ನು ಕಳೆದುಕೊಂಡಷ್ಟು ದುಃಖ.

ತಂತಿ

ಈ ಭಾಗ ಬರೆಯಲು ನಾಚಿಕೆ. ತಪ್ಪು ಪೂರ್ತಿ ನನ್ನದು.

ಆರಿದ್ರಾ ಮಳೆ ಹಿಡಿದ ವಾರ, ಜೂನ್ ಕೊನೆಗೆ, ರೆಂಬೆಗಳು ಪೆನ್ಸಿಲ್ ದಪ್ಪಕ್ಕೆ ಹತ್ತಿರ ಬಂದಿದ್ದವು. ಎಲ್ಲವೂ ಆಕಾಶಕ್ಕೆ ನೆಟ್ಟಗೆ. ಹಳೇ ಮರದ ರೆಂಬೆ ಅಡ್ಡಕ್ಕೆ ಇರಬೇಕು, ಅದಕ್ಕೆ ತಂತಿ ಸುತ್ತಿ ಬಗ್ಗಿಸಬೇಕು. ಬೇಲಿಯ ತಂತಿ ಗಡಸು, ತುಕ್ಕು ಬೇರೆ. ಕರೆಂಟಿನ ಹಳೇ ಸರ್ವಿಸ್ ವೈರ್ ಸುಲಿದರೆ ಒಳಗೆ ಮೆತ್ತನೆಯ ಅಲ್ಯೂಮಿನಿಯಂ ಸಿಗುತ್ತದೆ, ಅದು ಸಾಕು. ರೆಂಬೆಯ ದಪ್ಪದ ಮೂರನೇ ಒಂದು ಪಾಲು ದಪ್ಪದ ತಂತಿ, 45 ಡಿಗ್ರಿ ಓರೆಯಲ್ಲಿ ಸುತ್ತು. ನೋಡಲು ಚೆಂದವೇ ಆಯಿತು. ಮೂರು ವಾರಕ್ಕೆ ಬಂದು ಬಿಚ್ಚುತ್ತೇನೆ ಎಂದು ಹೇಳಿ ಹೊರಟೆ.

ಬರಲಿಲ್ಲ. ಪುನರ್ವಸು, ಪುಷ್ಯ ಎರಡೂ ಜೋರು ಹಿಡಿದವು. ದಾರಿಯಲ್ಲಿ ಮರ ಬಿದ್ದದ್ದು ಒಂದು ವಾರ, ನನ್ನ ಜ್ವರ ಇನ್ನೊಂದು ವಾರ. ಭಾವನಿಗೆ ಫೋನಿನಲ್ಲಿ ಹೇಳಿ ಬಿಚ್ಚಿಸಬಹುದಿತ್ತು. ನಾನೇ ಮಾಡುತ್ತೇನೆ ಎಂಬ ಜಂಬ. ಏಳನೇ ವಾರ ಹೋದಾಗ ತಂತಿ ತೊಗಟೆಯ ಒಳಗಿತ್ತು. ಎಡದ ಮುಖ್ಯ ರೆಂಬೆಯಲ್ಲಿ ಎರಡು ಕಡೆ ತಂತಿ ಕಾಣುತ್ತಲೇ ಇರಲಿಲ್ಲ.

ಅಂಥ ತಂತಿಯನ್ನು ಬಿಚ್ಚಿ ತೆಗೆಯಬಾರದು, ತೊಗಟೆಯೂ ಜೊತೆಗೆ ಬರುತ್ತದೆ. ಒಂದೊಂದು ಸುತ್ತನ್ನೂ ಚಿಕ್ಕ ಕಟಿಂಗ್ ಪ್ಲೇಯರಿನಲ್ಲಿ ತುಂಡು ಮಾಡಿ ಬಿಡಿಸಿದೆ. ಮೂರು ತಾಸು ಹಿಡಿಯಿತು. ಹಾವು ಸುತ್ತಿದಂಥ ಗುರುತು ಇವತ್ತಿಗೂ ಇದೆ. ಬಲದ ರೆಂಬೆ ಒಂದು ತುದಿಯಿಂದ ಒಣಗುತ್ತಾ ಬಂದು ಅರ್ಧ ಹೋಯಿತು.

ಮಲೆನಾಡಿನ ಮಳೆಗಾಲದಲ್ಲಿ ಫೈಕಸ್ ರೆಂಬೆ ವಾರಕ್ಕೊಮ್ಮೆ ನೋಡುವಷ್ಟು ವೇಗವಾಗಿ ದಪ್ಪವಾಗುತ್ತದೆ. ದೂರದಿಂದ ಗಿಡ ನೋಡಿಕೊಳ್ಳುವವರು ತಂತಿ ಸುತ್ತುವುದೇ ಬೇಡ. ಆಮೇಲೆ ನಾನು ಮಾಡಿದ್ದು ಬೇರೆ. ಸೈಕಲ್ ಟ್ಯೂಬಿನ ಪಟ್ಟಿ ರೆಂಬೆಗೆ ಹಾಕಿ, ಅದಕ್ಕೆ ದಾರ ಕಟ್ಟಿ, ಟಬ್ಬಿನ ಅಂಚಿಗೆ ಎಳೆದು ಬಿಗಿದೆ. ಉಳಿದದ್ದು ಕತ್ತರಿಯ ಕೆಲಸ. ಐದಾರು ಎಲೆ ಬರಲು ಬಿಡುವುದು, ಎರಡಕ್ಕೆ ಕತ್ತರಿಸುವುದು. ಕೊನೆಗೆ ಉಳಿದ ಎಲೆ ಯಾವ ಕಡೆ ನೋಡುತ್ತದೋ ಹೊಸ ರೆಂಬೆ ಆ ಕಡೆಗೆ ಹೋಗುತ್ತದೆ. ನಿಧಾನ, ಆದರೆ ಗುರುತು ಬೀಳುವುದಿಲ್ಲ.

ಬಿಳಲು

ತಂತಿ ಬಿಚ್ಚಲು ಹೋದ ದಿನವೇ ಅಮ್ಮ ತೋರಿಸಿದ್ದು. "ಇದೆಂತ ಬಿಳಿ ದಾರ ಬಂದಂಗಿದೆ?"

ಕಾಂಡದಿಂದ, ಎಡದ ರೆಂಬೆಯ ಅಡಿಯಿಂದ, ಹನ್ನೊಂದು ಬಿಳಲು ತಾವಾಗಿ ಇಳಿದಿದ್ದವು. ಒಣ ಊರುಗಳಲ್ಲಿ ಇದಕ್ಕಾಗಿ ಗಾಜಿನ ಪೆಟ್ಟಿಗೆ, ಪ್ಲಾಸ್ಟಿಕ್ ಹೊದಿಕೆ ಎಲ್ಲ ಮಾಡುತ್ತಾರೆ. ಶಿವಮೊಗ್ಗದ ನನ್ನ ತಾರಸಿಯಲ್ಲಿ ಇಷ್ಟು ವರ್ಷದಲ್ಲಿ ನಾಲ್ಕು ಬಿಳಲು ತರಿಸಲು ನನಗೆ ಸಾಕುಬೇಕಾಗಿದೆ. ಅಕ್ಕನ ಮನೆಯಲ್ಲಿ ಮಳೆಗಾಲದ ಜಗಲಿಯೇ ಗಾಜಿನ ಪೆಟ್ಟಿಗೆ.

ಬಿಳಲಿನ ತುದಿ ಸೂಕ್ಷ್ಮ. ಒಂದು ಒಣ ದಿನ ಬಂದರೆ ಕಪ್ಪಾಗಿ ನಿಂತುಬಿಡುತ್ತದೆ. ಮಣ್ಣು ಮುಟ್ಟುವ ತನಕ ಕೊಳವೆಯೊಳಗೆ ಇಳಿಸಬೇಕು. ಸ್ಟ್ರಾ ಹುಡುಕುತ್ತಿದ್ದಾಗ ಅಕ್ಕ ಹಿತ್ತಲಿಂದ ಪಪ್ಪಾಯಿ ಎಲೆಯ ದಂಟು ಮುರಿದು ತಂದಳು. ಒಳಗೆ ಟೊಳ್ಳು, ಬೇಕಾದಷ್ಟು ಉದ್ದ. ಉದ್ದಕ್ಕೆ ಸೀಳಿ, ಮರದ ಮೇಲಿನ ಹಸಿ ಪಾಚಿ ಸ್ವಲ್ಪ ತುರುಕಿ, ಬಿಳಲನ್ನು ಒಳಗೆ ಕೂರಿಸಿ ಬಾಳೆನಾರಿನಲ್ಲಿ ಕಟ್ಟಿದೆವು. ಬಿಳಲು ಮಣ್ಣು ಸೇರುವ ಹೊತ್ತಿಗೆ ದಂಟು ತಾನೇ ಕೊಳೆತು ಉದುರಿತು. ಸ್ಟ್ರಾ ಆಗಿದ್ದರೆ ಕತ್ತರಿಸಿ ತೆಗೆಯುವಾಗ ಬಿಳಲಿಗೇ ಏಟು ಬೀಳುತ್ತಿತ್ತು. ಈ ಉಪಾಯ ನನ್ನದಲ್ಲ, ಅಕ್ಕನದು. ಈಗ ನನ್ನ ತಾರಸಿಗೂ ಪಪ್ಪಾಯಿ ದಂಟು ಬರುತ್ತದೆ.

ಹನ್ನೊಂದರಲ್ಲಿ ಉಳಿಸಿದ್ದು ಮೂರು. ಎರಡು ಕಾಂಡಕ್ಕೆ ಅಂಟಿಕೊಂಡು, ಒಂದು ಎಡದ ರೆಂಬೆಯಿಂದ ನೇರ ಕೆಳಗೆ. ಎಲ್ಲ ಇರಲಿ ಎಂದು ಭಾವ ಹಟ ಹಿಡಿದರು. ಒಂದು ಗೇಣಿನ ಮರಕ್ಕೆ ಹನ್ನೊಂದು ಬಿಳಲು ಇದ್ದರೆ ಪೊರಕೆ ತಲೆಕೆಳಗಾಗಿ ನಿಂತ ಹಾಗೆ ಕಾಣುತ್ತದೆ. ನೆಲ ಹಿಡಿದ ಮೇಲೆ ಬಿಳಲು ತನ್ನಷ್ಟಕ್ಕೆ ಬಿಗಿದು ನೆಟ್ಟಗಾಗುತ್ತದೆ. ನೇತಾಡುತ್ತಿದ್ದ ದಾರ ಎಳೆದು ಕಟ್ಟಿದ ತಂತಿಯಂತೆ ಆದದ್ದನ್ನು ನೋಡಿ ಭಾವ ಉಳಿದ ಎಂಟನ್ನು ಮರೆತರು.

ತಟ್ಟೆ

ಮೂರನೇ ಏಪ್ರಿಲ್‌ನಲ್ಲಿ ಟಬ್ಬಿನಿಂದ ಮಣ್ಣಿನ ತಟ್ಟೆಗೆ. ತಟ್ಟೆಯ ಆಳ 7 ಸೆಂಟಿಮೀಟರ್. ಬೇರನ್ನು ಬಾಚಿ, ಕೆಳಕ್ಕೆ ಇಳಿದವನ್ನು ಕತ್ತರಿಸಿ, ಬದಿಗೆ ಹರಿದವನ್ನು ಉಳಿಸಿದೆ.

ಆಳ ಕಡಿಮೆ ಇರುವ ಕುಂಡದಲ್ಲಿ ನೀರು ಬೇಗ ಬಸಿಯುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ನಿಜ ಉಲ್ಟಾ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಡ್ಡ ಮಲಗಿಸಿ. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಯಾವ ಕುಂಡವಾದರೂ ತಳದಲ್ಲಿ ಒಂದಿಷ್ಟು ಎತ್ತರ ಒದ್ದೆ ಪದರ ಉಳಿದೇ ಉಳಿಯುತ್ತದೆ. ಆಳದ ಕುಂಡದಲ್ಲಿ ಅದು ಸ್ವಲ್ಪ ಪಾಲು, ತಟ್ಟೆಯಲ್ಲಿ ಅದೇ ಅರ್ಧ. ಹಾಗಾಗಿ ಮೃಗಶಿರಾ ಬಂದ ಕೂಡಲೇ ತಟ್ಟೆಯ ಒಂದು ತುದಿಗೆ ಇಟ್ಟಿಗೆ ಚೂರು ಕೊಟ್ಟು ಓರೆ ಮಾಡಿ ಇಡುತ್ತೇವೆ. ಸ್ಪಂಜು ನಿಲ್ಲಿಸಿದ ಹಾಗೆಯೇ. ಸತತ ಮಳೆಯ ದಿನಗಳಲ್ಲಿ ಸೂರಿನ ನೀರು ಬೀಳದ ಕಡೆ, ಆದರೆ ಬೆಳಕು ಇರುವ ಕಡೆ. ಇದನ್ನು ಅಮ್ಮ ನೋಡಿಕೊಳ್ಳುತ್ತಾರೆ. ಎಲೆ ಸಣ್ಣ ಮಾಡಲು ಎಲ್ಲ ಎಲೆ ಬೋಳಿಸುವ ಕ್ರಮ ಒಂದಿದೆ. ಬೇರು ಕತ್ತರಿಸಿದ ವರ್ಷ ಅದನ್ನು ಮಾಡಬಾರದೆಂದು ಮುಂದೂಡಿದ್ದೇವೆ. ಸುಮ್ಮನೆ ಬಿಸಿಲು, ಕತ್ತರಿ ಎರಡರಿಂದಲೇ 7 ಸೆಂಟಿಮೀಟರ್ ಇದ್ದ ಎಲೆ 5ಕ್ಕೆ ಇಳಿದಿದೆ.

ಈಗ ಮರದ ಎತ್ತರ 31 ಸೆಂಟಿಮೀಟರ್. ಬೇರಿನ ಸರಿ ಮೇಲೆ ಕಾಂಡ 8 ಸೆಂಟಿಮೀಟರ್. ಎಡದ ರೆಂಬೆಯ ಹಾವಿನ ಗುರುತು ಮುಂದಿನಿಂದಲೇ ಕಾಣುತ್ತದೆ, ಬಿಳಲಿನ ಹಿಂದೆ ಅಷ್ಟಿಷ್ಟು ಮರೆ. ಬಲಗಡೆ ಇನ್ನೂ ಖಾಲಿ. ಅರ್ಧ ಉಳಿದ ರೆಂಬೆಯಿಂದ ಹೊಸ ಚಿಗುರು ಹೊರಟಿದೆ, ಅದನ್ನು ಎರಡು ವರ್ಷ ಕತ್ತರಿ ಹಾಕದೆ ಓಡಲು ಬಿಟ್ಟರೆ ದಪ್ಪವಾಗುತ್ತದೆ. ಚೆಂದ ಕೆಡುತ್ತದೆ ಎಂದು ಭಾವ ಗೊಣಗುತ್ತಾರೆ. ತಲೆ ಕಡಿದ ಗಾಯ ಮುಕ್ಕಾಲು ಮುಚ್ಚಿದೆ.

ಆ ಮೊದಲ ವರ್ಷ ಗರಗಸದಿಂದ ಬೇರ್ಪಡಿಸಿದ ಹಳೇ ಬುಡ ಏನಾಯಿತು ಎಂದು ನಾನು ಕೇಳಿರಲಿಲ್ಲ. ಒಲೆಗೆ ಹೋಗಿರಬೇಕು ಎಂದುಕೊಂಡಿದ್ದೆ. ಹೋದ ತಿಂಗಳು ಅಮ್ಮ ತೋಟದ ಆಚೆ, ಸೊಪ್ಪಿನ ಬೆಟ್ಟದ ಅಂಚಿಗೆ ಕರೆದುಕೊಂಡು ಹೋದರು. ಚೀಲದ ಆಕಾರದಲ್ಲೇ ಸುತ್ತಿಕೊಂಡಿದ್ದ ಆ ಬೇರಿನ ಮುದ್ದೆಯನ್ನು ಅವರು ಅಲ್ಲಿ ಮಣ್ಣಿಗೆ ಇಟ್ಟಿದ್ದರಂತೆ. ಅದು ಚಿಗುರಿ ನನ್ನ ಎತ್ತರ ದಾಟಿದೆ.

"ಇಲ್ಲಿಗೆ ಕತ್ತರಿ ತರಬ್ಯಾಡ" ಎಂದರು.